ತೆಲೆಗಾ ಅಂದ್ರೆ ಗಾಡಿ

ತೆಲುಗಲ್ಲ ಕಣೇ, ತೆಲೆಗಾ! ತೆ...ಲೆ...ಗಾ. ಯಾಕೆ ನಗ್ತೀಯ? ನನಗೂ ಮೊದ್ಲು ತೆಲುಗು ಅಂತಾನೇ ಕೇಳಿಸ್ತು!

ರಷ್ಯನ್ನಲ್ಲಿ ಗಾಡಿ ಅಂತೆ. ನಾಲ್ಕು ಚಕ್ರ, ಮುಂದೆ ಕುದುರೆ, ಹಿಂದೆ ಹುಲ್ಲೋ ಸೌದೆನೋ. ನಮ್ಮ ಟೀಮಿನ ಗಲೀನಾ ಇವತ್ತು ಊಟಕ್ಕೆ ಕೂತಾಗ ಹೇಳಿದ್ಲು. ಪದಾನೂ ಅವರದ್ದಲ್ವಂತೆ ಹಂಸಾ! ತುರ್ಕರದ್ದು ಅಂತಾರೆ ಕೆಲವರು, ಮಂಗೋಲರದ್ದು ಅಂತಾರೆ ಇನ್ನು ಕೆಲವರು... ಚಕ್ರ ಅನ್ನೋ ಮಾತಿಂದ ಬಂದಿರಬೇಕಂತೆ. ಖಾತ್ರಿ ಯಾರಿಗೂ ಇಲ್ಲ.

ಅಯ್ಯೋ, ಈ ಬ್ರಿಜ್ ಮೇಲಿನ ಟ್ರಾಫಿಕ್ಕು! ಕಾರಲ್ಲಿ ಹಾಡು ಬೇಡ, ಆಫ್ ಮಾಡು. ಕೇಳು.

ಅದಕ್ಕೆ ಇನ್ನೊಂದು ಅರ್ಥ ಇದೆ. ಒಬ್ಬರ ಮೇಲೆ ಮ್ಯಾನೇಜರಿಗೆ ಚಾಡಿ ಬರೆದು ಕಳಿಸ್ತಾರಲ್ಲ, ಅದಕ್ಕೂ ತೆಲೆಗಾನೇ! 'ರಂಜನಿ, ಯಾರೋ ನಿನ್ನ ಮೇಲೆ ತೆಲೆಗಾ ಹತ್ತಿಸಿದ್ದಾರೆ' ಅಂದ್ಲು.

ಹೂಂ, ನನ್ನ ಮೇಲೇನೇ. ಕಿಟಕಿ ಕಡೆ ಯಾಕೆ ತಿರುಗಿದೆ? ಬಿಸಿಲಾ?

ಹೆಸರು ಹಾಕಿಲ್ವಂತೆ. ಮ್ಯಾನೇಜರು ಅದನ್ನ ಮೀಟಿಂಗಲ್ಲಿ ಓದಿದಾಗ ಗಲೀನಾ ಅಲ್ಲೇ ಇದ್ಲು. ಗುರುವಾರ ಮಧ್ಯಾಹ್ನ ಮಾಯ ಆಗ್ತಾಳೆ, ಮಾರ್ಗನ್ ಹಿಲ್ ಆಸ್ಪತ್ರೆಲಿ ಕ್ಯಾನ್ಸರ್ ಟ್ರೀಟ್‌ಮೆಂಟು ತಗೋತಿದ್ದಾಳೆ, ಹೊಸ ಪ್ರಾಜೆಕ್ಟು ಇವಳ ಕೈಲಿ ಆಗಲ್ಲ... ಹೀಗೆ. ಹೀಗೇ ಬರೆದಿದ್ರಂತೆ! ಆ ಪ್ರಾಜೆಕ್ಟು ನಿನಗೆ ಬಂದಾಗ ನಾನೇ ಅಲ್ವೇನೆ ಜಾಮೂನು ಮಾಡ್ಕೊಂಡು ಬಂದಿದ್ದು? ತಲೆ ಸುತ್ತುತ್ತಿತ್ತು, ಆದ್ರೂ ನಿಂತ್ಕೊಂಡು ಮಾಡಿದೆ.

ಆಫೀಸಲ್ಲಿ ಎಲ್ಲರಿಗೂ ಹಲ್ಲಿನ ಡಾಕ್ಟ್ರ ಹತ್ರ ಅಂದಿದ್ದೆ. ಮಾರ್ಗನ್ ಹಿಲ್ ಅನ್ನೋ ಹೆಸರು... ನಮ್ಮ ಅರವಿಂದನಿಗೆ ಗೊತ್ತು, ಗಂಡ ತಾನೇ. ಅವನ್ನ ಬಿಟ್ರೆ... ಮೊದಲ ಸಲ ಸೂಜಿ ಚುಚ್ಚಿದಾಗ ಯಾರ ಕೈ ಹಿಡ್ಕೊಂಡಿದ್ದೆ, ಹೇಳು? ಅವನು ಊರಲ್ಲಿರ್ಲಿಲ್ಲ. ಯಾರ ಕೈ?

ಬೇಡ ಬಿಡು, ಉತ್ತರ ಹೇಳಬೇಡ.

ಗೊತ್ತಾ, ಮಧ್ಯಾಹ್ನದಿಂದ ಒಂದೇ ಲೆಕ್ಕಾಚಾರ ನಂದು. ನಾನು ಈ ಗಾಡಿ ಕಥೆ ತೆಗೀತೀನಿ, ನೀನು ಉರಿದು ಬೀಳ್ತೀಯ, 'ಯಾವ ಪಾಪಿಯೇ ಅದು? ಹೆಸರು ಹೇಳು!' ಅಂತ ಕಿರುಚ್ತೀಯ. ಕಿರುಚಿದ್ರೆ ಸಾಕು... ನೀನಲ್ಲ ಅಂತ ನಂಬಿಬಿಡ್ತೀನಿ ಅಂದ್ಕೊಂಡಿದ್ದೆ. ನಂಬ್ತಿದ್ದೆ ಕಣೇ, ದೇವರಾಣೆ ನಂಬ್ತಿದ್ದೆ.

ಯೂನಿಯನ್ ಸಿಟಿ ಬಂದೇಬಿಡ್ತು. ನಿನ್ನ ಅಪಾರ್ಟ್‌ಮೆಂಟು. ಅಳಬೇಡ, ಇಳಿ.

ಯಾರು ಅಂತ ಒಂದು ಸಲಾನೂ ಕೇಳ್ಲಿಲ್ವಲ್ಲೇ ಹಂಸಾ...