ಎಲ್ಲಾದಕ್ಕೂ ಐದು, ಅದೊಂದಕ್ಕ ನಾಕು

…ಇಲ್ಲ ವಿಜ್ಜವ್ವ, ನಾ ಹೇಳಾಕತ್ತಿದ್ದು ಒಂದೊಂದು ಅಕ್ಷರಾನೂ ಖರೆ. ಬೇಕಾದ್ರ ನನ್ನ ಹಾರ್ಮೋನಿಯಂ ಮುಟ್ಟಿ ಆಣಿ ಮಾಡ್ತೀನಿ. ನಿನ್ನ ಗಿಟಾರ್ ಕೆಡಿಸಿದಾಂವ ಆ ಜಾಹೀದನಽ. ಅಲ್ಲಾ, ಮಸ್ಕಿಯಿಂದ ಸಿಂಧನೂರಿಗೆ ಬಸ್ ಹತ್ತಿ ಅವನ ಹತ್ರ ಕಲಿಯೋ ಜರೂರತ್ತಾದ್ರೂ ಏನಿತ್ತು? ಮನ್ಯಾಗ ಕಾಕಾ ಇಲ್ಲೇನು? ಪಾಮನಕಲ್ಲೂರ ಭಜನ್ಯಾಗ ನಾ ಪೆಟಗಿ ಹಿಡಿದ್ರ ಜವಳಗೇರಾದಾಗ ಟ್ರ್ಯಾಕ್ಟರ್ ಬಂದ್ ಮಾಡಿ ಕೇಳ್ತಿದ್ರು… ಯಾಕ ನಗ್ತಿ? ಅವತ್ತು ಗಾಳಿ ಆ ಕಡಿಗಿತ್ತವ್ವ.

ನಿನ್ನೆ ಲಿಂಗಸುಗೂರಾಗ ಕಾಲೇಜಿನ ತಂಡಕ್ಕ ಆರಿಸೋವಾಗ ನೀ ಬೆರಳು ಸರೀನಽ ಇಟ್ಟಿ, ಬಂದದ್ದು ಅಪಸ್ವರ. ಮಂದಿ ನಕ್ರು. ಐತವಾರ ಶ್ರುತಿ ಮಾಡಿ ಕೊಟ್ಟಾಂವ ಯಾರು? ಜಾಹೀದ. ಸಣ್ಣ ತಂತಿ ಎರಡೂ ಏರಿಸ್ಯಾನ. ಯಾಕಂದ್ರ ಅವನ ತಂಗಿ ನಾಹಿದಾನೂ ಅಲ್ಲಿ ನಿನ್ನ ಎದುರು ನುಡಿಸಾಕ ಬಂದಿದ್ಲು, ತಿಳೀತಾ? ನನಗ ಮೊದಲಿಂದ ಡೌಟ. ಅಂವ ಭಾಳ ಮೆತ್ತಗ ಮಾತಾಡ್ತಾನ. ಹೋದ ಕೂಡ್ಲೆ ನೀರು ಬೇಕೇನು ಅಂತಾನ. ಸುಮ್‌ಸುಮ್ನ ಯಾರು ಕೇಳ್ತಾರ ಹಂಗ?

ಹಚ್ಚು ಫೋನು. ನಾಳಿಂದ ಕಲಿಯಾಕ ಬರಂಗಿಲ್ಲ ಅಂದುಬಿಡು.

ಏನು… ನನಗ ಹೆಂಗ ಗೊತ್ತಾತು ಅಂತಿಯಾ? ಎಣಿಸೀನಲ್ಲ. ಗಿಟಾರಿನ ಕುತ್ತಿಗಿ ಮ್ಯಾಲಿನ ಎರಡು ಕಂಬಿ ನಡುವಿಂದು ಒಂದು ಮನಿ. ದಪ್ಪ ತಂತಿ ಐದನೇ ಮನ್ಯಾಗ ಒತ್ತಿದ್ರ ಮಗ್ಗಲ ತಂತಿಯ ಸ್ವರ ಬರ್ತೈತಿ. ಸಾದಿಂದ ಮಾಕ್ಕ ಎಷ್ಟೋ ಅಷ್ಟು ಅಂತರ. ಅದರ ಮಗ್ಗಲದ್ದೂ ಐದು, ಆಮ್ಯಾಲಿಂದೂ ಐದು. ನಡುವ ಒಂದು ತಂತಿಗೆ ಬಂದ್ರ, ನಾಕಕ್ಕಽ ನಿಂತುಬಿಡ್ತೈತಿ, ಬರೇ ಗಾ. ಎಲ್ಲಾದಕ್ಕೂ ಐದು, ಅದೊಂದಕ್ಕ ನಾಕು ಅಂದ್ರ ಕೆಟ್ಟೈತಿ ಅಂತಽ ಅಲ್ಲೇನು? ಅದರಾಚೆ ಸಣ್ಣ ತಂತಿ ಎರಡಕ್ಕೂ ಒಂದು ಅರ್ಧ ತಿರುವು ಕೊಟ್ರ ಅದೂ ಐದಾಗಿ…

ಏನಂದಿ? ಗಿಟಾರಿಗೆ ಅದು ನಾಕಽ ಇರಬೇಕಾ? ಮೊದಲಿಂದ ಹಂಗಽ ಕಟ್ತಾರಾ?

…ಒತ್ತಿ ನೋಡಿದೇನು? ಈಗ ಎಷ್ಟೈತಿ, ಐದಾ?

ಹಂಗ್ಯಾಕ ನೋಡ್ತಿ? ನಾಕು ಇದ್ದದ್ದು ನಾ ಯಾವಾಗ ಕಂಡೆ ಅಂತ… ಬೈಯವ್ವ, ಬೈ.

ಸೋಮವಾರ ನೀ ಕಾಲೇಜಿಗೆ ಹೋದಾಗ ಗಿಟಾರಿನ ಚೀಲ ಬಿಚ್ಚಿದ್ದೆ. ಕಾಕಾ ಸರಿ ಮಾಡ್ಯಾನ ಅಂತ ನೀ ಊರೆಲ್ಲಾ ಹೇಳ್ತಿ ಅನ್ಕೊಂಡಿದ್ದೆ.

ಫೋನ್ ಇಲ್ಲಿ ತಾ. ಜಾಹೀದಗ ನಾನಽ ಹೇಳ್ತೀನಿ, ನಾಳೆ ಹುಡುಗಿ ಬರ್ತಾಳ ಅಂತ. ಹೇಳಿದ್ದೆಲ್ಲಾ ಖರೆ ಐತಿ, ವಿಜ್ಜಿ. ತಂತಿ ಏರಿಸಿದ್ದು ಖರೆ, ಅರ್ಧ ತಿರುವು ಖರೆ… ಆ ಹೆಸರೊಂದು ಮಾತ್ರ ನಾ ಕಟ್ಟಿದ್ದು.