ಹಿಂದಿನ ಸೀಟಿನ ಕೆಳಗ

ಏ, ಏ... ಕಡ್ಡಿಪೆಟಗಿ ಯಾಕ ಕಸಗೊಂಡ್ಯಬೇ? ಕೊಡಿಲ್ಲೆ! ಕರ್ಪೂರ ಹಚ್ಚೂದೈತಿ. ಗಾಡಿ ರಿಪೇರಿ ಮುಗದ ಮ್ಯಾಲ ಒಂದ ಲಿಂಬಿಹಣ್ಣು, ಒಂದ ಚೂರ ಕರ್ಪೂರ, ಅಷ್ಟ. ಮೂವತ್ನಾಕು ವರ್ಷ ಗದಗ ಡಿಪೋದಾಗ ಒಂದ ಬಸ್ಸೂ ಹಂಗ ಹೊರಗ ಬಿಟ್ಟಾವಲ್ಲ ಈ ಬಸವಂತಪ್ಪ. ಅಮೆರಿಕಾ ಆದ್ರ ಏನಾತು, ಗಾಡಿ ಗಾಡೀನ... ಕೊಡವ್ವ ಪ್ರತಿಭಾ. ಹೆತ್ತಪ್ಪನ ಕೂಡ ಆಟಾ ಹಚ್ಚೀಯೇನು?

ಮಾನ್ಯಾನ್ನ ಯಾಕ ದರದರ ಎಳದ ಮನಿಯೊಳಗ ಕಳಿಸಿದಿ? ಹಿಂದಿನ ಸೀಟಿನ್ಯಾಗ ಕೂತಿತ್ತು ಕೂಸು. ನಾನ ಕುಂದ್ರಿಸಿದ್ನಿ. ಮೊದಲನೇ ಸವಾರಿ ಮೊಮ್ಮಗಳದ ಆಗಲಿ, ಪೂಜಿ ಮುಗದ ಕೂಡ್ಲೆ ನೀ ಡ್ರೈವ್ ಮಾಡು, ಈ ಕಮ್ಮಿಂಗ್ ಊರ ತುಂಬ ಒಂದ ರೌಂಡ್ ಹೊಡದ ಬರೂಣು ಅಂತ... ಗ್ಯಾರೇಜಿನ ದೊಡ್ಡ ಬಾಗಲಾ ಯಾಕ ತಗದಿ? ಕಾದ ಗಾಳಿ ಎಲ್ಲಾ ಒಳಗ ಬರಾಕತ್ತೈತಿ. ಮತ್ತ ಅಂಗೀ ಕೊರಳ ಎತ್ತಿ ಯಾಕ ಮೂಗಿಗೆ ಹಿಡಕೊಂಡಿ?

ವಾಸನಿನಾ? ಎಲ್ಲಿ ವಾಸನಿ! ಹೋತಲ್ಲ! ಅದನ್ನ ಹೇಳಾಕತ್ತೀನಿ ನಿನಗ.

ಬಾ ಇಲ್ಲೆ, ನೋಡು. ತಿಂಗಳಾತು, ವ್ಯಾನಿನ್ಯಾಗ ಪೆಟ್ರೋಲ್ ವಾಸನಿ ಅಂತ ಗಂಡಾ ಹೆಂಡ್ತಿ ಗೋಳಾಡಾಕತ್ತೀರಿ. ನಾ ಒಂದ ಮಾತ ಕೇಳಿದ್ನಿ, ಯಾವಾಗ ಜೋರು? ಟ್ಯಾಂಕ್ ತುಂಬಿಸಿದ ದಿನಾ ಜೋರು, ಅರ್ಧಾ ಆದ ಮ್ಯಾಲ ಕಡಿಮಿ, ಅಂದಿ. ಮುಗೀತಲ್ಲ! ರೋಗ ಎಂಜಿನ್ನಿಗಲ್ಲ, ಟ್ಯಾಂಕಿನ ನೆತ್ತಿಗೆ. ಪೆಟ್ರೋಲ್ ಎಳಿಯೂ ಪಂಪು ಕೂತಿರೂದು ಅಲ್ಲೇ, ಹಿಂದಿನ ಸೀಟಿನ ಕೆಳಗ. ಇವತ್ತ ಮುಂಜಾನೆ ನೀ ಮ್ಯಾಲ ಮೀಟಿಂಗಿನ್ಯಾಗ ಇದ್ದ್ಯಲ್ಲ, ಸೀಟ್ ಎತ್ತಿದ್ನಿ, ಪೈಪ್ ಕಿತ್ತಿದ್ನಿ, ಮುಚ್ಚಳಾ ಬಿಚ್ಚಿದ್ನಿ. ಒಳಗ ರಬ್ಬರ್ ರಿಂಗ್ ಒಣಗಿ ಬಿರುಕ ಬಿಟ್ಟಿತ್ತು. ಹೊಸಾದು ಹಾಕಿದ್ನಿ. ಎರಡ ಮಿನಿಟ್ ಚಾಲೂ ಮಾಡಿ ನೋಡಿದ್ನಿ. ಬೆಣ್ಣಿ ಬೆಣ್ಣಿ!

ಮೊಬೈಲಿನ್ಯಾಗ ನೋಡಿ ಮಾಡಿದಿ ಅಂತೀಯೇನು? ಒಂದ ಸಲ ನೋಡಿದ್ನಿ, ಸುಳ್ಳ ಯಾಕ. ನಿನ್ನ ಗಂಡ ಕಲ್ಮೇಶಪ್ಪ ಆಫೀಸ್ ಕೆಲಸಕ್ಕ ಶ್ಯಾಂಟಿಲಿ ಊರಿಗೆ ಹೋಗೂ ಮುಂದ ಏನಂದಾ? ‘ಮಾವಾರ, ನೀವ್ಯಾಕ ಕೈ ಹೊಲಸ ಮಾಡ್ಕೋತೀರಿ, ನಾ ಬಂದ ಮ್ಯಾಲ ಗಾಡಿ ರಿಪೇರಿ ಶಾಪ್‌ಗೆ ಡ್ರಾಪ್ ಮಾಡ್ತೀನಿ’ ಅಂದಾ. ಅಳಿಯಾನ ಲೆಕ್ಕದಾಗ ನಾ ಬರೇ ರೊಟ್ಟಿ ತಿಂದ ಟಿವಿ ಮುಂದ ಕೂಡೂ ಮುದುಕ. ಸಿಟ್ಟ ಬಂತವ್ವ. ಬರಬಾರದೇನು?

ಡಿಪೋದಾಗ ನನಗ ಏನಂತಿದ್ರು, ಮರತ್ಯಾ? ಬಾನೆಟ್ ಆಮ್ಯಾಲ ಎತ್ರಿ, ಮೊದಲು ಬಸವಂತಪ್ಪನ್ನ ಬಸ್ಸಿನ ಬಾಜೂಕ ನಿಂದರಸ್ರಿ ಅಂತಿದ್ರು! ಡೀಸೆಲ್ ಎಲ್ಲಿ ಒಸರತೈತಿ, ಬ್ರೇಕ್ ಯಾವ ಗಾಲಿಗೆ ಸುಡಾಕತ್ತೈತಿ, ಎಲ್ಲಾ ಮೂಗಿಲೇ ಹೇಳತಿದ್ನಿ. ಇಂಜಿನಿಯರ್ ಸಾಹೇಬ ಸೈತ ನನ್ನ ಕೇಳಿ ಸಹಿ ಹಾಕತಿದ್ದಾ... ಹೇಳತಿದ್ನಿ. ಈಗೂ ಹೇಳತೀನಿ. ಈಗೇನಾಗೇತಿ ನನಗ?

ಯಾಕ ಹಂಗ ನೋಡಾಕತ್ತಿ?

ಮೂಸೇನವ್ವ, ಮೂಸೇನಿ! ಸೀಟಿಗೆ ಮೂಗ ಹಚ್ಚಿ ಮೂಸೇನಿ. ಏನೂ ಇಲ್ಲ.

ಅದೇನ ಬಗ್ಗಿ ನೋಡಾಕತ್ತಿ? ಹಸಿನಾ? ಅದು ನೀರು. ಮಾನ್ಯಾನ ಬಾಟ್ಲಿ ಉರಳಿರಬೇಕು, ಆಕಿ ಬಾಟ್ಲಿ ಯಾವತ್ತ ಸೋರಿಲ್ಲ ಹೇಳು... ಟಿಶ್ಯೂ ಪೇಪರಿಗೆ ಒತ್ತಿ ತಂದ್ಯಾ? ತಾ ಇಲ್ಲೆ. ನನ್ನ ಮೂಗಿಗೇ ಹಿಡೀತಿಯಲ್ಲಬೇ! ಹೂಂ, ಮೂಸಿದ್ನಿ ತಗೋ. ನೀರು. ನೀರಿಗೆಂಥಾ ವಾಸನಿ ಇರತೈತಿ?

ನೀರ ಹೌದಲ್ಲ?

ನಿನ್ನ ಕಣ್ಣಾಗ ಯಾಕ ನೀರು... ಉರೀತಾವೇನು ಕಣ್ಣು?

ತಡಿ. ತಡಿ, ಬೆರಳಿಗೆ ಹಚ್ಚಿ ನೋಡತೀನಿ. ತಂಪ ಐತಿ... ನೀರಿನ ತಂಪಲ್ಲ ಇದು. ನೋಡ ನೋಡೂದ್ರಾಗ ಆರಿ ಹೋತು. ಬೆರಳ ಬೆಳ್ಳಗಾತು.

ಪೆಟ್ರೋಲು. ಪ್ರತಿಭಾ, ಇದು ಪೆಟ್ರೋಲು.

ಪೈಪಿನ ಕ್ಲಿಪ್ಪು... ತಿರುಗಿ ಹಾಕೂ ಮುಂದ ಸರಿಯಾಗಿ ಕೂತಿಲ್ಲ. ಚಾಲೂ ಮಾಡಿದ ಕೂಡ್ಲೆ ಚಿಮ್ಮೇತಿ, ಕೂಸಿನ ಸೀಟಿನ ಬುಡಕ. ಮೊದಲ ಬರೇ ವಾಸನಿ ಇತ್ತು. ಇದು ನಾ ಮಾಡಿದ್ದು. ನಾನ ಮಾಡಿದ್ದು.

ಗೊತ್ತಾತಲ್ಲ ನಿನಗ... ಗೊತ್ತಾಗೇತಿ.

ಎರಡ ವರ್ಷ ಆತವ್ವ. ಆ ಕೊರೊನಾದಾಗ ನಿಮ್ಮವ್ವ ಹೋದ್ಲು, ನಾ ಉಳಕೊಂಡ್ನಿ, ನನ್ನ ಮೂಗ ಉಳೀಲಿಲ್ಲ. ತಿಂಗಳೊಪ್ಪತ್ತಿನಾಗ ವಾಸನಿ ತಿಳೀತೈತಿ ಅಂದ್ರು ಡಾಕ್ಟರು. ತಿಳೀಲಿಲ್ಲ. ನಿಮ್ಮವ್ವನ ಸೀರಿ ಟ್ರಂಕ್ ತಗದು, ಅದರಾಗ ಮಾರಿ ಹುಗದು ನೋಡಿದ್ನಿ. ಏನೂ ಇಲ್ಲ. ಏನೇನೂ ಇಲ್ಲಬೇ. ನೀ ಒಗ್ಗರಣಿ ಹಾಕಿದಾಗೆಲ್ಲಾ ಘಮ್ ಅಂತೈತಿ ಅಂತೀನಲ್ಲ, ಸಾಸಿವಿ ಚಟಪಟ ಅನ್ನೂದು ಕೇಳಿ ಅಂತೀನಿ. ನನ್ನ ಕಡೆ ಇದ್ದದ್ದು ಆ ಮೂಗೊಂದ. ಅದೂ ಇಲ್ಲ ಅಂದ್ರ ನನ್ನ ಯಾರ ಏನ ಕೇಳತಾರ? ಇಲ್ಲಿ ಬಂದ ಮ್ಯಾಲ ನೀ ಕೇಳಿದಿ, ‘ಅಪ್ಪಾ, ವಾಸನಿ ಎಲ್ಲಿಂದ ಬರತೈತಿ ನೋಡು’ ಅಂತ. ಎಷ್ಟ ಖುಷಿ ಆತು ಗೊತ್ತೈತೇನು ನನಗ... ಹೇಳಲಿಲ್ಲ. ಹೆಂಗ ಹೇಳಲಿ?

ಬೈಯಿ. ಬೈದ ಬಿಡು ಒಂದ ಸಲ. ನೀ ಬೈದ್ರ ತಡಕೋತೀನಿ, ನೀ ಹಂಗ ನೋಡೂದನ್ನ ತಡಕೊಳ್ಳಾಕ ಆಗಂಗಿಲ್ಲ.

ಅಲ್ಲಿ ಬಾಗಲದಾಗ ನಿಂತಾಳ ನೋಡು, ಮಾನ್ಯಾ. ನನ್ನ ಕಡೆ ನೋಡವಲ್ಲಳು. ಆಕಿ ಹೇಳಿದ್ಲು, ಪ್ರತಿಭಾ. ‘ಅಜ್ಜಾ, ಇಟ್ ಸ್ಟಿಂಕ್ಸ್’ ಅಂದ್ಲು. ಎರಡ ಸಲ ಅಂದ್ಲು. ಸುಳ್ಳ ಹೇಳಬ್ಯಾಡ, ಸುಮ್ಕ ಕೂಡು ಅಂತ ಗದರಿಸಿದ್ನಿ. ಎರಡೂ ಕೈಲೇ ಮೂಗ ಮುಚಗೊಂಡು ಕೂತಳು ಕೂಸು... ಪೂಜಿ ಮುಂದ ಹಂಗ ಕೂಡಬಾರದು ಅಂತ, ನಾನ ಆ ಕೈ ಮೂಗಿಂದ ಬಿಡಿಸಿ, ಕೈ ಮುಗಿಸಿ ಕೂಡಿಸಿದ್ನಿ.