ಎರಡನೆಯ ಲೋಟ

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಅಕ್ಕ, ಅವರ ತಮ್ಮ. ಅಕ್ಕನಿಗೆ ಆಗಷ್ಟೇ ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿಕೊಂಡಿರಿ ಎಂದಿದ್ದರು. ಕಣ್ಣು ಮುಚ್ಚಿತ್ತು, ಬಾಯಿ ಮುಚ್ಚಿರಲಿಲ್ಲ.

“ಇಡೀ ಬಾಟಲಿ ಖಾಲಿ ಮಾಡಿದ್ಯಲ್ಲೋ!”

“ಜೇನಿನ ವೈನ್ ತಾನೇ ಅಕ್ಕಾ. ಅದೇ ವೈನರಿದು ಇನ್ನೊಂದು ತಂದ್ಕೊಡ್ತೀನಿ.”

“ವೈನರಿ ಅದೇ. ಜೇನು? ಅಪ್ಪನ ಪೆಟ್ಟಿಗೆಗಳ ಜೇನು ಅವರಿಗೆ ಹೋಗಿದ್ದು ಆ ಬಾಟಲಿ ಮಾಡಿದ ವರ್ಷಾನೇ ಕೊನೆ. ಅಪ್ಪನ ಹುಟ್ಟುಹಬ್ಬಕ್ಕೆ ಇಬ್ಬರೂ ಒಂದೊಂದು ಗುಟುಕು ಅಂತ ತಾನೇ ಮಾತಾಗಿದ್ದು? ಆ ಒಂದು ಗುಟುಕಿಗೆ ವರ್ಷವೆಲ್ಲ ಕಾಯ್ತೀನಿ ಕಣೋ ನಾನು!”

“ನಿನ್ನೆ ನೀನು ಊರಲ್ಲಿರಲಿಲ್ವಲ್ಲ.”

“ಒಂದು ದಿನ ತಡ್ಕೊಳ್ಳಕ್ಕಾಗಲಿಲ್ವಾ? ಯಾರ ಜೊತೆ ಕೂತಿದ್ದೆ?”

“ಒಬ್ಬನೇ.”

“ಮತ್ತೆ ಬೆಳಿಗ್ಗೆ ನಿಮ್ಮನೆ ಸಿಂಕಲ್ಲಿ ಎರಡು ಲೋಟ ಇದ್ವು?”

“ಒಂದು ಅಪ್ಪಂಗೆ ಅಂತ ತುಂಬಿಸಿಟ್ಟಿದ್ದೆ.”

“ಅದನ್ನ ಯಾರು ಕುಡಿದ್ರು?”

ತಮ್ಮ ಚಪ್ಪಲಿ ನೋಡಿಕೊಂಡ. “ಸುಮ್ನೆ ಯಾಕೆ ಹಾಳಾಗ್ಬೇಕು ಅಂತ…”

“ಕಣ್ಣು ಮುಚ್ಕೊಂಡು ಹಾಲು ಕುಡಿಯೋ ಬೆಕ್ಕು ನೀನು! ಅಪ್ಪ ಇದ್ದಾಗಲೂ ಅಷ್ಟೇ. ಹುಳದ ಕೈಲಿ ಕಚ್ಚಿಸ್ಕೊಂಡು ಪೆಟ್ಟಿಗೆ ತೆಗೀತಿದ್ದೋಳು ನಾನು, ಬೆರಳು ನೆಕ್ತಿದ್ದೋನು ನೀನು.”

ನರ್ಸ್ ಒಳಗೆ ಕರೆದರು. ತಮ್ಮ ಎದ್ದು ಕೈ ಚಾಚಿದ.

“ನನ್ನ ಕೈ ಹಿಡ್ಕೊ ಅಕ್ಕಾ, ಬಿದ್ದೀಯ.”

ಆಕೆ ಆ ಕೈ ಕೊಡವಿ, ತಡಕಾಡಿ ಗೋಡೆ ಹಿಡಿದು ಹೊರಟರು.

“ಬೇಡ. ಗೋಡೆ ನನ್ನ ಪಾಲು ಕುಡಿಯಲ್ಲ.”